ಉಲ್ಟಾ ಅಕ್ಷರ

ಲ್ಯಾಬಿನಾಗ ಕರೆಂಟು ಹೋಯ್ತು.
ಪರದೆಗಳೆಲ್ಲ ಕಪ್ಪಾಗಿ, ಫ್ಯಾನು ಕೀಂಯ್ ಅಂತ ನಿಂತ ಮ್ಯಾಲ
ಹಿಂದಿನ ಬೆಂಚಿನ ತಾಯಪ್ಪ ಕೇಳ್ದ:
"ಮೇಡಂ, ಕ್ಲಾಸು ಆಬ್ಜೆಕ್ಟ್ ಮಾಡ್ತದ, ತಿಳೀತು.
ಮತ್ತ ಆ ಕ್ಲಾಸಿಗಿ ಮಾಡಿದವರು ಯಾರು?"

ಕಿಟಕಿ ತೆರದೆ. ಭೀಮಾ ಕಡಿಂದ ಭಟ್ಟಿಯ ಹೊಗಿ ಬಂತು.
ಕೈಯಾಗ ಸೀಮೆಸುಣ್ಣ ಇತ್ತು, ಬರೀಲಿಲ್ಲ.
ಮೋನಪ್ಪ ಬಡಿಗೇರ ಅಂತ ಒಬ್ಬ ಇದ್ದ, ಅಂದೆ.

ಇಟ್ಟಂಗಿ ಬಡದವನಲ್ಲ ಅವ.
ಬಡೀತಿದ್ದವಳು ನಮ್ಮವ್ವ: ದಿನಕ್ಕ ಏಳ್ನೂರು,
ಸಾಂಚಾಕ್ಕ ಬೂದಿ ಉದುರಿಸಿ, ಕಲಸಿದ ಮಣ್ಣು ಒಂದೇ ಏಟಿಗಿ ತುಂಬಿ,
ಅಂಗೈಲಿ ತೀಡಿ, ನೆಲಕ್ಕ ಬೋರಲು ಹಾಕಿ ಎತ್ತಿದ್ರ
ಇಟ್ಟಂಗಿ, ಬೆನ್ನ ಮ್ಯಾಲ ಮಾಲಕನ ಹೆಸರು ಹೊತ್ತು.
ಮೋನಪ್ಪ ಮಾಡ್ತಿದ್ದದ್ದು ಆ ಸಾಂಚಾ.

ಆರಿದಾಗ ಮಣ್ಣು ಕುಗ್ತದ, ಸುಟ್ಟಾಗ ಮತ್ತ ಕುಗ್ತದ,
ಅದಕ್ಕ ಸಾಂಚಾ ಇಟ್ಟಂಗಿಕಿಂತ ಅರ್ಧ ಬೆರಳು ದೊಡ್ಡದು.
"ಕೂಸು ಹುಟ್ಟೂಕಿಂತ ಮುಂಚೆ ಕುಲಾವಿ ಅಂತ ನಗ್ತಾರ ಮಂದಿ,
ನಂದು ಉದ್ಯೋಗನೇ ಅದು" ಅಂತಿದ್ದ, ಬಾಯಾಗ ಮೊಳಿ ಕಚ್ಚಿ.

ಗುರುಮಠಕಲ್ ಕಡಿಯವನೊಬ್ಬ ಬಂದ ಒಮ್ಮೆ:
ಹೆಸರು ಬ್ಯಾಡ, ಬರೇ ಪೆಟ್ಟಿಗಿ ಕೊಡು.
ಮೋನಪ್ಪ ಉಜ್ಜುಗೊರಡು ಬದಿಗಿಟ್ಟ, ಚಾ ತರಿಸಿದ,
ಕುಡಿಸಿ ಕಳಿಸಿದ. ಸಾಂಚಾ ಕೊಡಲಿಲ್ಲ.
ಮಣ್ಣು ಇನ್ನೂ ನೆನದಿರಲಿಲ್ಲ, ಭಟ್ಟಿಗಿ ಕಟಿಗಿ ಬಂದಿರಲಿಲ್ಲ,
ಜಗಳ ಶೆಡ್ಡಿನಾಗೇ ಮುಗೀತು.

ನನಗ ಹನ್ನೊಂದು ವರ್ಷ. ಅವಗ ಜ್ವರ.
ಸಾಬಣ್ಣನ ಭಟ್ಟಿಗಿ ಆರು ಸಾಂಚಾ ಜಲ್ದಿ ಬೇಕು.
ಹಲಿಗಿಯಿಂದ "ಸ" ಕೊರದವಳು ನಾನು,
ತಳಕ್ಕ ಮೊಳಿ ಹೊಡದವಳು ನಾನು,
ಸಾಲಿಯೊಳಗ ಕಲಿಸಿದಂಗ, ಚಂದಾಗಿ, ನೆಟ್ಟಗ.

ನಾಕು ಸಾವಿರ ಇಟ್ಟಂಗಿ ಸುಟ್ಟು ಹೊರಗ ಬಂದ್ವು,
ನಾಕು ಸಾವಿರ ಉಲ್ಟಾ "ಸ".
ಅವ್ವ ಬಡದದ್ದೇ ಅದರಾಗ ಅರ್ಧ.
ಆಕಿಗಿ ಓದೂಕ ಬರ್ತಿರಲಿಲ್ಲ.

ಸಾಬಣ್ಣ ಒದರಿದ. ಮೋನಪ್ಪ ಕಂಬಳಿ ಹೊದ್ದು ಕುಂತು ಕೇಳ್ದ.
ನಾ ಉಳಿ ತಗೊಂಡು ಸಾಂಚಾ ಬಿಚ್ಚೂಕ ಹೋದೆ.
"ತಡಿ" ಅಂದ. "ಈ ಆರು ತಿದ್ದಿದಿ. ಏಳನೇದು?"
ಡಾಲ್ಡಾ ಡಬ್ಬಿ ಕತ್ತರಿಸಿ ತಗಡು ಹಾಸಿದ,
ಅದರಾಗ ಅಕ್ಷರ ಉಲ್ಟಾ ಕೊರದು, ಒಂದು ಮೂಲ್ಯಾಗ ಕಚ್ಚು ಹಾಕಿದ.
ಆ ಕಚ್ಚು, ಹಲಿಗಿ ಮ್ಯಾಲಿನ ಗೂಟ,
ಎರಡೂ ಕೂಡಬೇಕಂದ್ರ ತಗಡು ಒಂದೇ ಮಗ್ಗಲ ಕುಂದರಬೇಕು.
ಹನ್ನೊಂದು ವರ್ಷದವಳು ಮಾಡಿದ್ರೂ ಅಷ್ಟೇ,
ಜ್ವರದಾಗ ಮಾಡಿದ್ರೂ ಅಷ್ಟೇ.

ಆ ಮ್ಯಾಲಿನ ಸಾಂಚಾ ಯಾವುದೂ ತಪ್ಪಲಿಲ್ಲ.
ನಾಕು ಸಾವಿರ ಮಾತ್ರ ಹಂಗೇ ಉಳದ್ವು.
ಅರ್ಧ ರೇಟಿಗಿ ಯಾರಿಗೋ ಹೋದ್ವು.

ಹ್ವಾದ ವರ್ಷ ನಮ್ಮ ಪಾಲಿಟೆಕ್ನಿಕ್ಕಿನ ಕಂಪೌಂಡು
ಗೇಟಿಗಂತ ಕೆಡವಿದ್ರಲ್ಲ, ಸೈಕಲ್ ಸ್ಟ್ಯಾಂಡಿನ ಹಂತ್ಯಾಕ?
ಗ್ವಾಡಿಯೊಳಗ ಹೆಸರು ಯಾವತ್ತೂ ಗಾರಿಯಾಗ ಮುಖ ಮುಚ್ಚಿರ್ತದ,
ಬಿದ್ದಾಗಷ್ಟೇ ಕಾಣ್ತದ.
ಒಂದು ಎತ್ತಿಕೊಂಡೆ. ಸ್ಟಾಫ್ ರೂಮಿನಾಗ
ಹಾಜರಿ ಪುಸ್ತಕದ ಮ್ಯಾಲ ಇಟ್ಟೀನಿ, ಗಾಳಿಗಿ ಹಾರಬಾರದಂತ.

ತಾಯಪ್ಪ ಬಿಡಲಿಲ್ಲ.
"ತಗಡು ತಿಳೀತು ಮೇಡಂ. ಅದು ಮೆಟಾಕ್ಲಾಸು.
ತಗಡಿನ ಮ್ಯಾಲ?"

ಪರದೆ ಇದ್ದಿದ್ರ ಒಂದು ಸಾಲು ಬರದು ತೋರಿಸ್ತಿದ್ದೆ:
ಟೈಪಿನ ಟೈಪು ಯಾವುದಂತ ಕೇಳಿದ್ರ
ಟೈಪೇ ಅಂತ ಉತ್ತರ ಬರ್ತದ, ನಾಚಿಕಿ ಇಲ್ಲದಂಗ.

ಪರದೆ ಇರಲಿಲ್ಲ. ನೆನಪಾದದ್ದು ಒಂದು ಮಧ್ಯಾಹ್ನ:
ಮೋನಪ್ಪನ ಉಳಿಯ ಹಿಡಿ ಸೀಳಿ ಕೈಯಾಗೇ ಉಳೀತು.
ಜಾಲಿ ತುಂಡು ತಗೊಂಡ. ಬತ್ತಲೆ ಅಲಗಿಗಿ ಹಳೇ ಅರಬಿ ಸುತ್ತಿದ.
ಅದೇ ಉಳಿಲೇ ಅದಕ್ಕೊಂದು ಹಿಡಿ ಕೊರಕೋತ ಕುಂತ,
ಹೊತ್ತು ಮುಣುಗೋತನ,
ಕೈ ಒಂದೆರಡು ಕಡಿ ಕೊಯ್ಕೊಂಡು.

ಕರೆಂಟು ಬಂತು.
ತಾಯಪ್ಪ ಇನ್ನೂ ತನ್ನ ಕೈ ನೋಡ್ಕೋತ ಕುಂತಿದ್ದ.