ಗುಂಡುಕಲ್ಲು

ಅರವತ್ತಾರು ಮೀಟರ್ ಕೆಳಗೆ, ನಾವು ಒಯ್ದಷ್ಟೇ ಬೆಳಕು.
ಬೆನ್ನಿಗೆ ಹೀಲಿಯಮ್ ಬೆರೆಸಿದ ಉಸಿರು,
ಮಣಿಕಟ್ಟಿನಲ್ಲಿ ಇಪ್ಪತ್ತೆರಡು ನಿಮಿಷ.
ಬ್ರಿಕ್ಸಮ್ ಬಂದರಿನ ಮೀನುನಾತ, ಟ್ರೆಮ್ಲೆಟ್ಟನ ದೋಣಿಯ ಸೀದ ಕಾಫಿ
ಎಲ್ಲ ಮೇಲೆಲ್ಲೋ, ಇನ್ನೊಂದು ಜನ್ಮದಲ್ಲಿ.

ಎಲ್ಸ್‌ಪೆತ್ ಗ್ರೇ ಎಡಮಗ್ಗುಲಿಗೆ ಮಲಗಿದ್ದಳು,
ಹದಿನೇಳನೆ ಇಸವಿಯ ಟಾರ್ಪಿಡೊ ತಿಂದ ಹೊಟ್ಟೆ
ಇವತ್ತಿಗೂ ತೆರೆದೇ.
ಗ್ವಿಲಿಮ್ ಹಿತ್ತಾಳೆ ಚೌಕಟ್ಟಿನ ಕಿಟಕಿಯ ಬೆನ್ನುಹತ್ತಿದ.
ನಾನು, ಅಡುಗೆಕೋಣೆ ಇದ್ದಿರಬಹುದಾದ ಕಡೆ,
ಹೂಳನ್ನು ಅಂಗೈಯಿಂದ ಮೆಲ್ಲಗೆ ಬೀಸಿದೆ.

ಕಲ್ಲು.
ಬರೀ ಕಲ್ಲು, ಬಾ, ಎಂದು ಗ್ವಿಲಿಮನ ದೀಪ ಅಡ್ಡಡ್ಡ ಆಡಿತು.
ಬರೀ ಕಲ್ಲಲ್ಲ ಮಾರಾಯ.
ನಡು ಸವೆದು ನುಣುಪು, ಅಂಚಿನಲ್ಲಿ ಉಳಿಯ ಚುಚ್ಚು ಇನ್ನೂ ಒರಟು.
ಅದರ ಬಗಲಿಗೇ, ನೂರು ವರ್ಷ ಎಲ್ಲಿಗೂ ಉರುಳದೆ,
ಗುಂಡು.

ಹಡಗಿನ ಮಾತಿನಲ್ಲಿ ಭಂಡಾರಿ ಎಂದರೆ ಅಡುಗೆಯವ.
ಇಲ್ಲಿ ಕೂತು ಕೊತ್ತಂಬರಿ ಅರೆದವನಿಗೆ
ಇನ್ಯಾವ ಭಂಡಾರದ ಬೀಗದ ಕೈ ಇತ್ತು?
ಪಟ್ಟಿಯಲ್ಲಿ ಕ್ಯಾಪ್ಟನ್ನಿಗೆ ಹೆಸರಿದೆ, ಅವನ ಬೆಕ್ಕಿಗೂ ಇದೆ.
ಇವರದು ಲೆಕ್ಕ ಮಾತ್ರ: ಲಸ್ಕರರು, ಇಪ್ಪತ್ಮೂರು.
ನನ್ನ ಮಗ ಗುಂಡುಕಲ್ಲಿನ ಹಾಗಿದ್ದಾನೆ ಎಂದು
ಯಾವುದೋ ಹಿತ್ತಲಲ್ಲಿ ಯಾರೋ ಹೇಳುತ್ತಲೇ ಇದ್ದಿರಬೇಕು
ಸುದ್ದಿ ಮುಟ್ಟುವ ತನಕ. ಮುಟ್ಟಿತೋ ಇಲ್ಲವೋ.

ಎತ್ತಿ ಚೀಲಕ್ಕೆ ಹಾಕಿದೆ.
ನಮ್ಮದು, ಎಂದಿತು ಕೈ.
ಯಾವ ನಮ್ಮದು, ಎಂದು ಕೇಳಲು ನಿಮಿಷ ಉಳಿದಿರಲಿಲ್ಲ.

ಕೇಳುವ ಹೊತ್ತು ಆಮೇಲೆ ಬಂತು, ಹಗ್ಗ ಹಿಡಿದು ತೂಗುವಾಗ.
ಗೋಲಿಸೋಡಾ ಫಟ್ಟನೆ ತೆರೆದಂತೆ ರಕ್ತ ನೊರೆಯಬಾರದಲ್ಲ,
ಅದಕ್ಕೇ ಮೂವತ್ತರಲ್ಲಿ ನಿಲ್ಲು, ಇಪ್ಪತ್ತೊಂದರಲ್ಲಿ ನಿಲ್ಲು,
ಆರರಲ್ಲಿ ಐವತ್ತು ನಿಮಿಷ.
ಸಮುದ್ರ ಇಷ್ಟು ಸಾವಧಾನವಾಗಿ ವಿಚಾರಣೆ ಮಾಡುತ್ತದೆಂದು
ಯಾವ ತರಬೇತಿಯಲ್ಲೂ ಹೇಳಿರಲಿಲ್ಲ.
ಸೊಂಟದಲ್ಲಿ ಮೂರು ಕೆಜಿ ಜಗ್ಗುತ್ತಿತ್ತು.

ಒಂಬತ್ತರಲ್ಲಿ ನನ್ನ ವಾದ ಸಿದ್ಧವಾಗಿತ್ತು:
ಗ್ವಿಲಿಮ್ ಒಯ್ದದ್ದು ಅವನ ಗೋಡೆಗೆ, ನಾನು ಒಯ್ದದ್ದು ನೆನಪಿಗೆ.
ಆರಕ್ಕೆ ಬರುವಷ್ಟರಲ್ಲಿ ಅದು ಕರಗಿತ್ತು.
ಟಾರ್ಪಿಡೊ ಕೂಡ ಅಗಲಿಸದ ಜೋಡಿಯನ್ನು
ನಾನು ಅಗಲಿಸಿದ್ದೆ.
ಬಿಟ್ಟುಬಿಡಲೇ? ಸೆಳೆತ ಎಳೆದಲ್ಲಿ ಬಿದ್ದು
ಯಾವುದೋ ಮರಳಲ್ಲಿ, ಆಗ ನಿಜಕ್ಕೂ, ಬರೀ ಕಲ್ಲು.
ಒಯ್ದು ಇಟ್ಟು ಬರಲೇ? ಶರೀರ ಒಪ್ಪದು.
ಕೆಳಗಿನ ಬಾಗಿಲು ಇವತ್ತಿಗೆ ಮುಚ್ಚಿದೆ.

ಇಪ್ಪತ್ತೆಂಟು ದಿನದೊಳಗೆ ಸರ್ಕಾರಕ್ಕೆ ಬರೆದುಕೊಡಬೇಕು.
ವಸ್ತು: ಕಲ್ಲು, ಒಂದು.
ಸಿಕ್ಕ ಜಾಗ: ತಾಯಿಕಲ್ಲಿನ ಬಲಕ್ಕೆ, ಒಂದು ಗೇಣು.
(ತಾಯಿಕಲ್ಲು ಎಂಬುದಕ್ಕೆ ಇಂಗ್ಲಿಷಿನಲ್ಲಿ ಏನೋ ಒಂದು ಬರೆದೆ.)
ಬೆಲೆ: ಖಾಲಿ.
ಮಾಲೀಕರು ಗೊತ್ತಿದ್ದರೆ, ಎಂಬಲ್ಲಿ
ಇಪ್ಪತ್ಮೂರು ಎಂದು ಬರೆದು, ಹೊಡೆದುಹಾಕಿದೆ.
ಗ್ವಿಲಿಮ್ ತನ್ನ ಕಿಟಕಿಯನ್ನು ಬರೆಸಿದನೋ ಇಲ್ಲವೋ.
ಕೇಳುವ ಬಾಯಿ ನನಗಿಲ್ಲ.

ಉತ್ತರ ಬರುವ ತನಕ ಅದು ಬಚ್ಚಲ ಬಕೆಟ್ಟಿನಲ್ಲಿ, ಸಿಹಿನೀರಿನಲ್ಲಿದೆ.
ಹಾಗೇ ಒಣಗಲು ಬಿಟ್ಟರೆ ಒಳಗಿನ ಉಪ್ಪು ಅರಳಿ
ಮೈಯೆಲ್ಲ ಹಕ್ಕಳೆ ಏಳುತ್ತದಂತೆ.
ಸೋಮವಾರ ಸೋಮವಾರ ನೀರು ಬದಲಿಸುತ್ತೇನೆ,
ಚೆಲ್ಲುವ ಮುನ್ನ ಒಂದು ಹನಿ ನಾಲಿಗೆಗೆ ಹಚ್ಚುತ್ತೇನೆ.
ಇನ್ನೂ ಉಪ್ಪು.

ಒಮ್ಮೆ ಮಾತ್ರ ಎರಡೂ ಕೈಯಲ್ಲಿ ಹಿಡಿದು, ಬಗ್ಗಿ,
ಬಚ್ಚಲ ನೆಲದ ಮೇಲೆ, ತಾಗಿಸದೆ,
ಅರೆಯುವಂತೆ ಹಿಂದೆ ಮುಂದೆ ಮಾಡಿದೆ.
ಹಿಡಿ ಸವೆದ ಜಾಗ ನನ್ನ ಅಂಗೈಗೆ ಕೂರಲಿಲ್ಲ.
ಅವನ ಕೈ ದೊಡ್ಡದು.
ಫಾರಮ್ಮಿನಲ್ಲಿ ಅದನ್ನು ಬರೆಯಲು ಜಾಗವಿರಲಿಲ್ಲ.