ಅರ್ಧ ತಿರುವು

ಗ್ರಿಮ್ಸ್‌ಬಿ. ಫೆಬ್ರುವರಿ. ಗುರುವಾರ ಹನ್ನೊಂದೂಕಾಲು.
ಎರಡನೆಯ ಮಹಡಿಯ ಕಿಟಕಿಗೆ ಉಪ್ಪು ಹತ್ತಿದೆ,
ಅದರಾಚೆ ಮೀನುಧಕ್ಕೆ, ಯಾರದೋ ಹಸಿರು ಲಾರಿ.
ಒಳಗೆ ಎರಡು ಕುರ್ಚಿ, ಒಂದು ಟಿಶ್ಯೂ ಡಬ್ಬಿ,
ಗೋಡೆಗಂಟಿಕೊಂಡ ಹಳೆಯ ಹೀಟರು.

ಎಡ್ವಿನ್ ಸ್ಕೆಲ್ಟನ್. ಮೂವತ್ತೊಂದು ವರ್ಷ
ಹ್ಯಾಡಕ್ ಮೀನಿನ ಬೆನ್ನುಮೂಳೆ ಬಿಡಿಸಿದ ಕೈ
ತೊಡೆಯ ಮೇಲಿನ ಉಲನ್ ಟೋಪಿಯಿಂದ
ನೂಲು ಎಳೆಯುತ್ತಿದೆ.
"ಹೀಟರಿನೊಳಗೆ ಮಾತಾಡ್ತಾರೆ" ಅಂದ.
"ಯಾರು?"
"ನನ್ನನ್ನು ಬಲ್ಲವರು."

ನಾನಂದೆ: ಅರ್ಥವಾಗುತ್ತದೆ.
ಕಲಿತ ಮಾತು; ಚೆನ್ನಾಗಿಯೇ ಕಲಿತದ್ದು,
ತಲೆ ಎಷ್ಟು ಬಾಗಿಸಬೇಕು ಎನ್ನುವುದೂ ಸೇರಿ.
ಅವನು ನಕ್ಕ. "ಇಲ್ಲ ಬಿಡಿ.
ಹೊಸ ಮೀನೋ ಹಳೆ ಮೀನೋ
ಕಣ್ಣು ನೋಡಿ ಹೇಳುವವನು ನಾನು."

ಮೂರು ವಾರ ಹಾಗೇ ಹೋಯಿತು.
ಕಿವಿಗೊಡು ಅನ್ನುತ್ತೇವೆ ನಾವು ಕನ್ನಡದಲ್ಲಿ,
ಪಕ್ಕದ ಮನೆಗೆ ಕೊಡುವ ಕೈಸಾಲದ ಸಕ್ಕರೆಯೆಂಬಂತೆ.
ಅವನಿಗೋ ಕಿವಿಗಳೇ ಹೆಚ್ಚಾಗಿದ್ದವು.

ನಾಲ್ಕನೆಯ ಗುರುವಾರ ಎದ್ದು
ಹೀಟರು ಆರಿಸಿದೆ.
"ನನಗೆ ಕೇಳಿಸುವುದಿಲ್ಲ ಎಡ್ವಿನ್.
ನಿಮ್ಮ ದವಡೆ ಬಿಗಿಯುವುದು ಮಾತ್ರ ಕಾಣುತ್ತದೆ."
ಲೋಹ ತಣಿಯುತ್ತ ಟಕ್ ಟಕ್ ಅಂದಿತು,
ಆಮೇಲೆ ಸುಮ್ಮನಾಯಿತು.
ಅವನು ಅದರ ಕಡೆ ನೋಡಿದ, ನನ್ನ ಕಡೆ, ಮತ್ತೆ ಅದರ ಕಡೆ.

ಕೋಟು ಹಾಕಿಕೊಂಡು ಕೂತೆವು ಇಬ್ಬರೂ
ಕೊನೆಯ ಬಸ್ಸು ತಪ್ಪಿದವರ ಹಾಗೆ.
ಅವರೇನನ್ನುತ್ತಾರೆಂದು ಆಗ ಹೇಳಿದ,
ಬಾಯಿಂದ ಒಂದೊಂದೇ ಮುಳ್ಳು ತೆಗೆದಿಡುವಂತೆ.
ಅದನ್ನಿಲ್ಲಿ ಬರೆಯುವುದಿಲ್ಲ.
ಒಂದು ಹೆಸರಿತ್ತು. ಐಸ್ ಕೋಣೆಯ ಒಂದು ಬಾಗಿಲಿತ್ತು.
ನಾನು ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ.
ಇವೆರಡರ ನಡುವೆ ಜಾಗವೊಂದಿದೆ, ಬಲು ಇಕ್ಕಟ್ಟು,
ಅಲ್ಲಿ ಚಳಿಯೊಂದೇ ಇಬ್ಬರಿಗೂ ಸಮ.

ಹನ್ನೆರಡಕ್ಕೆ ಐದು ನಿಮಿಷ.
"ಡಾಕ್ಟರ್, ನಿಮ್ಮ ಉಗುರು ನೀಲಿಗಟ್ಟಿದೆ."
ನಾನು ಡಾಕ್ಟರಲ್ಲ. ತಿದ್ದಲಿಲ್ಲ.
ಎದ್ದ.
ಆ ಗೋಡೆಯ ಹತ್ತಿರಕ್ಕೆ
ಎಂದೂ ಹೋದವನಲ್ಲ ಅವನು.
ಬಗ್ಗಿ, ಹಲ್ಲು ಕಚ್ಚಿ,
ತಿರುಪನ್ನು ಅರ್ಧ ತಿರುವಿದ,
ಪೂರ್ತಿಯಲ್ಲ.
ವಾಪಸು ಬಂದು ಕೂತ, ತಲೆ ಓರೆಮಾಡಿ
ಅವರನ್ನು ಕೇಳಿಸಿಕೊಂಡ,
ನನ್ನ ಬೆರಳು ಬೆಚ್ಚಗಾಗುವ ತನಕ.