ಹಸಿ ಬಣ್ಣ

ಹಲ್ ಬಂದರಿನಲ್ಲಿ ಟೆಲಿಫೋನ್ ಗೂಡುಗಳು ಕೆಂಪಲ್ಲ,
ಕೆನೆಬಣ್ಣ.
ಉಳಿದ ಇಂಗ್ಲೆಂಡು ಹೇಗಾದರೂ ಇರಲಿ, ನಮ್ಮದು ನಮಗೆ.
ಬಂಗಾರದ ಕುದುರೆಯೇರಿದ ಒಬ್ಬ ರಾಜನಿದ್ದಾನೆ,
ಪಕ್ಕದಲ್ಲೇ ಸಾರ್ವಜನಿಕ ಶೌಚಾಲಯ; ಎರಡಕ್ಕೂ ಒಂದೇ ಮರ್ಯಾದೆ.
ಹಳೇಪೇಟೆಯ ಒಂದು ಗಲ್ಲಿಯ ಹೆಸರು ಹಸಿಶುಂಠಿಯ ನಾಡು.
ಯಾಕೆ? ಗೊತ್ತೆನ್ನುವವರು ನಾಲ್ಕು ಜನ, ಕತೆ ಐದು.
ಶುಂಠಿ ಮಾರುವವರನ್ನು ಮಾತ್ರ ನಾನಲ್ಲಿ ಕಂಡಿಲ್ಲ.

ನಾನು ಕ್ಲೆಮ್ ಸ್ಟೇದರ್ಸ್, ಬೋರ್ಡು ಬರೆಯುವವನು.
ನಲವತ್ತಾರು ವರ್ಷ ಏಣಿಯ ಮೇಲಿಂದಲೇ ಊರು ನೋಡಿದ್ದು.
ಅಲ್ಲಿಂದ ಊರೆಂದರೆ ಬೋಳುತಲೆ, ತಿರುಗಿಬಿದ್ದ ಛತ್ರಿ,
ಚಹಾ ಚೆಲ್ಲಿಕೊಂಡಂಥ ಹಂಬರ್ ನದಿ,
ಚಿಪ್ಸ್ ಪೊಟ್ಟಣದ ಹಿಂದೆ ಬಿದ್ದ ಕಡಲಹಕ್ಕಿ.

ಹೆಸಲ್ ರಸ್ತೆಯ ಆ ಅಂಗಡಿ
ಮೊದಲು ಮೀನುಗಾರರದು: ಎಣ್ಣೆಕೋಟು, ತೊಡೆಮಟ್ಟದ ಉಣ್ಣೆ ಕಾಲುಚೀಲ.
ಐಸ್‌ಲ್ಯಾಂಡು ಕಡಲಿಗೆ ಬೇಲಿ ಹಾಕಿದ ಮೇಲೆ
ಮದುವೆ ಗೌನು. ಆಮೇಲೆ ವಿಡಿಯೋ ಕ್ಯಾಸೆಟ್ಟು.
ಆಮೇಲೆ ಗಾಜಿನ ತೊಟ್ಟಿಯ ಸಾಕುಮೀನು
(ಬೀದಿಯೇ ನಕ್ಕಿತು: ನಮ್ಮ ಮೀನು ಕೊನೆಗೆ ಇಷ್ಟುದ್ದಕ್ಕೆ ಇಳಿಯಿತಲ್ಲಪ್ಪ!)
ಆಮೇಲೆ ಏಳು ವರ್ಷ ಹಲಗೆ ಬಡಿದ ಕಿಟಕಿ.
ಎಲ್ಲ ಬೋರ್ಡೂ ನಾನೇ ಬರೆದದ್ದು, ಮೊದಲನೆಯದೊಂದು ಬಿಟ್ಟು.
ಅದು ನನಗೆ ಕುಂಚ ಹಿಡಿಸಿದ ಮುದುಕ ಹಾರ್ಕರ್‌ನದು.

ಈಗ ರೆಬ್ವಾರ್ ಬಂದಿದ್ದಾನೆ, ಸುಲೇಮಾನಿಯಾ ಊರಿನ ಕ್ಷೌರಿಕ.
"ಹಸಿರು ಬಳಿ," ಅಂದ,
"ಮಾರ್ಚಿನಲ್ಲಿ ನಮ್ಮ ಬೆಟ್ಟ ಹತ್ತುತ್ತದಲ್ಲ, ಆ ಹಸಿರು."

ಎದುರು ಅಂಗಡಿಯಲ್ಲಿ ಆಲೂಗಡ್ಡೆ ಪ್ಯಾಟಿ ಕರಿಯುವ
ಎಂಬತ್ತೆರಡರ ಏವರಿಲ್ ಬ್ಲೆಂಕಿನ್ ರಸ್ತೆ ದಾಟಿಯೇ ಬಂದಳು,
ಕೈಯಲ್ಲಿ ಜಾಲರಿ ಸೌಟು, ತೊಟ್ಟಿಕ್ಕುವ ಎಣ್ಣೆ.
"ಹಸಿರೇ? ಈ ಬೀದಿಯಲ್ಲೇ?
ಕಡಲಿಗೆ ಹೋಗುವವರ ಮನೆಯಲ್ಲಿ ಹಸಿರು ದಾರವೂ ಇರುತ್ತಿರಲಿಲ್ಲ.
ಗಂಡ ಹೊರಟ ದಿನ ಬಟ್ಟೆ ಒಗೆಯಬಾರದು,
ಬಾಗಿಲಲ್ಲಿ ನಿಂತು ಕೈ ಬೀಸಬಾರದು.
ನಾನು ಒಗೆಯಲಿಲ್ಲ. ಬೀಸಲಿಲ್ಲ. ಆದರೂ..."
ಆದರೂ ಎಂದವಳು ಅಲ್ಲಿಗೇ ನಿಲ್ಲಿಸಿ ಸೌಟು ನೋಡಿಕೊಂಡಳು.

ರೆಬ್ವಾರ್ ಬಾಚಣಿಗೆ ಒರೆಸುತ್ತಲೇ ಇದ್ದ.
"ನಾ ಬಂದ ದೋಣಿಯ ಬಣ್ಣ ಕತ್ತಲಲ್ಲಿ ಕಾಣಲಿಲ್ಲ, ತಾಯಿ.
ಬೆಳಗಾದ ಮೇಲೆ ನೋಡಿದರೆ ಬೂದಿಬಣ್ಣ.
ಹತ್ತೊಂಬತ್ತು ಜನ ಹತ್ತಿದ್ದೆವು."
ಇಳಿದದ್ದೆಷ್ಟು ಎಂದು ಅವಳು ಕೇಳಲಿಲ್ಲ.

ಮಾರನೆಯ ದಿನ ಒಬ್ಬನೇ ಹೆರೆಯತೊಡಗಿದೆ.
ಸಾಕುಮೀನು ಉದುರಿತು, ಕ್ಯಾಸೆಟ್ಟು ಉದುರಿತು,
ಗೌನಿನ ಗುಲಾಬಿ ಸುರುಳಿ ಸುರುಳಿಯಾಗಿ ಏಣಿಯ ಬುಡಕ್ಕೆ.
ಹಾರ್ಕರ್‌ನ ಚಿನ್ನದ ಅಕ್ಷರ, ಅದರ ಹಿಂದೆ ಕಡುನೀಲಿ.
ನೀಲಿಯ ಅಡಿಗೆ,
ಮರಕ್ಕೆ ಅಂಟಿಕೊಂಡ ಮೊದಲ ಕೋಟು,
ಹಸಿರು.

ಯಾವುದೋ ಪಾರ್ಕಿನ ಬೆಂಚಿಗೆ ಬಳಿದು ಉಳಿದದ್ದಿರಬೇಕು,
ಜಿಪುಣ ಮುದುಕ.
ಇದೇ ಬಾಗಿಲಲ್ಲಿ ಏವರಿಲ್ ಗಂಡನಿಗೆ ಕಾಲುಚೀಲ ಕೊಂಡಿದ್ದಳು.
ಎದುರಿಗೆ ನೋಡಿದೆ. ಅವಳು ಬಾಣಲೆಗೆ ಬಗ್ಗಿದ್ದಳು.
ಬೂದು ಪ್ರೈಮರ್ ತೆಗೆದು ಬಳಿದೆ, ಎರಡು ಕೋಟು,
ಒಣಗುವ ಮೊದಲೇ ಎರಡನೆಯದು.
ಅಂಥ ಕೆಟ್ಟ ಕೆಲಸ ನಾನು ಹಿಂದೆಂದೂ ಮಾಡಿರಲಿಲ್ಲ.

ಗುರುವಾರ ರೆಬ್ವಾರನ ಹಸಿರು ಮೇಲೇರಿತು.
ಸಂಜೆ ಅವಳು ಬಂದಳು, ಕಾಗದದಲ್ಲಿ ಸುತ್ತಿದ ಎರಡು ಪ್ಯಾಟಿ,
ಮೇಲೆ ನಮ್ಮೂರಿನ ಕೆಂಪು ಮಸಾಲೆ.
ಒಂದು ನನಗೆ. ಇನ್ನೊಂದು ಯಾರಿಗೆಂದು ಹೇಳದೆ ಕುರ್ಚಿಯ ಮೇಲಿಟ್ಟಳು.
"ಈ ಬಣ್ಣಕ್ಕೆ ಹೆಸರೇನಯ್ಯಾ?"
ಡಬ್ಬಿಯ ಮೇಲೆ ಬರೀ ನಂಬರಿತ್ತು.
"ಹಸಿಶುಂಠಿ," ಅಂದೆ.
"ಹಾಗೆ ಹೇಳು ಮತ್ತೆ. ಅದು ನಮ್ಮೂರಿನದೇ."

ಮುಟ್ಟಬೇಡಿ ಎಂದು ಚೀಟಿ ಅಂಟಿಸಿದ್ದೆ.
ಓದಿದಳು. ಮುಟ್ಟಿದಳು. ಬೆರಳನ್ನು ಏಪ್ರನ್ನಿಗೆ ಒರೆಸಿಕೊಂಡಳು.
ರಾಟರ್‌ಡ್ಯಾಮಿನ ಹಡಗು ಆಗಷ್ಟೇ ಹೊರಟಿತ್ತು,
ದೀಪಗಳೆಲ್ಲ ಹೊತ್ತಿಸಿಕೊಂಡು.

ಆ ಏಪ್ರನ್ ಅವಳು ಅಂದೇ ಒಗೆದಳೋ
ನನಗೆ ತಿಳಿಯದು.